ನೈರೋಬಿಯಿಂದ ಮೊಂಬಾಸಾಕ್ಕೆ: ಒಂದು ಗಂಟೆಯ ವಿಮಾನವೋ, ಐದು ಗಂಟೆಯ ರೈಲೋ, ಒಂದು ರಾತ್ರಿಯ ಬಸ್ಸೋ?

ನೈರೋಬಿಯ ನಮ್ಮ ಮನೆಗೆ ಊರಿಂದ ಯಾರೇ ಬರಲಿ, ಮೊದಲ ಪ್ರಶ್ನೆ ಸಿಂಹದ್ದು. ಎರಡನೆಯದು ಸಮುದ್ರದ್ದು. ‘ಮೊಂಬಾಸಾ ಎಷ್ಟು ದೂರ? ಫ್ಲೈಟಲ್ಲಿ ಎಷ್ಟು ಹೊತ್ತು?’ ಮೈಸೂರಿನಿಂದ ಅಕ್ಕ, ಭಾವ ಬಂದಾಗಲೂ ಇದೇ ಆಯಿತು. ಭಾವ ಮೊಬೈಲ್ ತೆಗೆದು ನೋಡಿದರು. ‘440 ಕಿಲೋಮೀಟರ್, ಒಂದು ಗಂಟೆ. ಇದರಲ್ಲಿ ಯೋಚನೆ ಮಾಡೋದು ಏನಿದೆಯೋ?’ ಅಂದರು.

‘ಇದೆ ಭಾವ, ಜಾಸ್ತಿನೇ ಇದೆ’ ಅಂದೆ ನಾನು.

ಈ ದಾರಿಯಲ್ಲಿ ವಿಮಾನ, ರೈಲು, ಬಸ್ಸು, ಕಾರು ನಾಲ್ಕರಲ್ಲೂ ಓಡಾಡಿದ್ದೇನೆ. ನನಗೆ ಅರ್ಥವಾಗಿರುವುದು ಇಷ್ಟು. ನಡುವಿನ 440 ಕಿಲೋಮೀಟರಿಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಈ ತುದಿಯ ಇಪ್ಪತ್ತು, ಆ ತುದಿಯ ಇಪ್ಪತ್ತು ಕಿಲೋಮೀಟರ್ ಇದೆಯಲ್ಲ, ಆಟ ಆಡಿಸುವುದು ಅದು. ನೈರೋಬಿಯ ಯಾವ ಮೂಲೆಯಿಂದ ಹೊರಡುತ್ತೀರಿ, ಮೊಂಬಾಸಾದಲ್ಲಿ ನೀರಿನ ಯಾವ ದಡ ಸೇರಬೇಕು ಎಂದು ಹೇಳಿ, ಯಾವುದರಲ್ಲಿ ಹೋಗಬೇಕು ಎಂದು ನಾನು ಹೇಳುತ್ತೇನೆ.

ದೂರ ಅಂದರೆ ಯಾವ ದೂರ?

ಭಾವನ ಮೊಬೈಲ್ ತೋರಿಸಿದ 440 ಕಿ.ಮೀ. ಕಾಗೆ ಹಾರಿದ ದೂರ. ಊರ ನಡುವಿನಿಂದ ಊರ ನಡುವಿಗೆ ಗೆರೆ ಎಳೆದರೆ ಅಷ್ಟು ಬರುತ್ತದೆ. ಎರಡು ವಿಮಾನ ನಿಲ್ದಾಣಗಳ ನಡುವೆ ಅಳೆದರೆ ಇನ್ನೂ ಕಡಿಮೆ, 420ರ ಆಸುಪಾಸು. ನೈರೋಬಿಯ ಜೋಮೋ ಕೆನ್ಯಾಟಾ ನಿಲ್ದಾಣ ಊರಿಂದ ಮೊಂಬಾಸಾದ ಕಡೆಗೇ ಇದೆ. ಮೊಂಬಾಸಾದ ಮೋಯಿ ನಿಲ್ದಾಣವೂ ಊರಿಗಿಂತ ಸ್ವಲ್ಪ ಈಚೆಗೇ ಸಿಗುತ್ತದೆ. ರೈಲು ಹಳಿ 472 ಕಿ.ಮೀ. ರಸ್ತೆ ಸುಮಾರು 480.

ಇವೆಲ್ಲ ಹತ್ತಿರ ಹತ್ತಿರದ ಅಂಕಿಗಳು, ಅಲ್ವಾ? ಅದಕ್ಕೆ ಕಾರಣ ನೆಲ. ಬೆಂಗಳೂರು-ಮಂಗಳೂರು ದಾರಿ ನೆನಪಿಸಿಕೊಳ್ಳಿ. ಅಲ್ಲೂ ಮೇಲಿನ ಊರಿಂದ ಕಡಲಿಗೆ ಇಳಿಯುವುದೇ. ಆದರೆ ಸಕಲೇಶಪುರ ದಾಟಿದ ಮೇಲೆ ನೆಲ ದಿಢೀರನೆ ಕುಸಿಯುತ್ತದೆ. ರೈಲು, ರಸ್ತೆ ಎರಡೂ ಹಾವಿನ ಹಾಗೆ ಸುತ್ತಬೇಕು. ನೈರೋಬಿ ಬೆಂಗಳೂರಿನ ಹೆಚ್ಚುಕಡಿಮೆ ಎರಡರಷ್ಟು ಎತ್ತರದಲ್ಲಿದೆ, ಸುಮಾರು 1,700 ಮೀಟರ್. ಆದರೂ ಇಲ್ಲಿ ಘಾಟಿ ಅನ್ನುವುದೇ ಇಲ್ಲ. ಇಡೀ ದಾರಿ ಓರೆಯಾಗಿ ಇಟ್ಟ ಹಲಗೆಯ ಹಾಗೆ ನಿಧಾನವಾಗಿ ಇಳಿಯುತ್ತದೆ. ಮೊಂಬಾಸಾದಲ್ಲಿ ಬಾಗಿಲು ತೆಗೆದಾಗ ಬೆವರು ಕಿತ್ತುಕೊಂಡು ಬರುವುದು ಮಾತ್ರ ಥೇಟ್ ಮಂಗಳೂರೇ. ಒಂದು ಕಾಲದಲ್ಲಿ ಮಂಗಳೂರಿನ ಹೆಂಚು ಹಡಗು ಹತ್ತಿ ಈ ಪೂರ್ವ ಆಫ್ರಿಕಾದ ಕರಾವಳಿಗೆ ಬರುತ್ತಿತ್ತು. ಆ ಸೆಕೆಯಲ್ಲಿ ನಿಂತಾಗ ಅದರಲ್ಲಿ ಆಶ್ಚರ್ಯ ಏನೂ ಕಾಣುವುದಿಲ್ಲ.

ವಿಮಾನ: ಗಾಳಿಯಲ್ಲಿ ನಲವತ್ತೈದು ನಿಮಿಷ, ನೆಲದ ಮೇಲೆ ಮೂರೂವರೆ ಗಂಟೆ

ಟಿಕೆಟ್ಟಿನಲ್ಲಿ ಒಂದು ಗಂಟೆ, ಒಂದು ಗಂಟೆ ಐದು ನಿಮಿಷ ಹೀಗೆ ಬರೆದಿರುತ್ತದೆ. ಅದರಲ್ಲಿ ನಿಜವಾಗಿ ಹಾರುವುದು ಮುಕ್ಕಾಲು ಗಂಟೆ. ಉಳಿದದ್ದು ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು, ಇಳಿದ ಮೇಲೆ ಮತ್ತೆ ಉರುಳುವುದು.

ಕೆನ್ಯಾ ಏರ್‌ವೇಸ್ ಮತ್ತು ಅದರದೇ ಕಡಿಮೆ ದರದ ಸಂಸ್ಥೆ ಜಾಂಬೋಜೆಟ್, ಎರಡೂ ಈ ದಾರಿಯಲ್ಲಿ ದಿನಕ್ಕೆ ಹಲವು ಸಲ ಹಾರುತ್ತವೆ. ಜಾಂಬೋಜೆಟ್ಟಿನದು ಫ್ಯಾನಿನ ಹಾಗೆ ರೆಕ್ಕೆ ತಿರುಗುವ ಡ್ಯಾಶ್-8 ವಿಮಾನ. ‘ಅಯ್ಯೋ, ಫ್ಯಾನಿನ ವಿಮಾನ ನಿಧಾನ ಅಲ್ವೇನೋ’ ಅಂದಳು ಅಕ್ಕ. ಇಷ್ಟು ಸಣ್ಣ ದೂರಕ್ಕೆ ಹತ್ತು ನಿಮಿಷದ ವ್ಯತ್ಯಾಸವೂ ಬರುವುದಿಲ್ಲ. ಜೆಟ್ ವಿಮಾನ ಮೇಲೇರಿ ಪೂರ್ತಿ ವೇಗಕ್ಕೆ ಬರುವ ಹೊತ್ತಿಗೆ ಇಳಿಯುವ ಸಮಯ ಆಗಿರುತ್ತದೆ. ಆದ್ದರಿಂದ ಯಾವ ವಿಮಾನ ಎಂದು ನೋಡಬೇಡಿ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ನೋಡಿ. ಬೆಳಗಿನ ಮೊದಲ ವಿಮಾನ ಸಮಯಕ್ಕೆ ಹೊರಡುವ ಸಂಭವ ಜಾಸ್ತಿ. ಅದೇ ವಿಮಾನ ದಿನವಿಡೀ ಅಲ್ಲಿಗೆ ಇಲ್ಲಿಗೆ ಓಡಾಡುತ್ತಿರುತ್ತದೆ. ಬೆಳಗ್ಗೆ ಒಂದು ಕಡೆ ಇಪ್ಪತ್ತು ನಿಮಿಷ ತಡವಾದರೆ ಸಂಜೆಗೆ ಅದು ಬೆಳೆದು ದೊಡ್ಡದಾಗಿರುತ್ತದೆ. ಜೋಮೋ ಕೆನ್ಯಾಟಾದಲ್ಲಿ ಇರುವುದು ಒಂದೇ ರನ್‌ವೇ ಬೇರೆ. ನಾಲ್ಕು ಕಿಲೋಮೀಟರಿಗೂ ಉದ್ದ ಇದೆ. ಎತ್ತರದ ಊರಲ್ಲಿ ಗಾಳಿ ತೆಳು, ವಿಮಾನ ಏಳಲು ಜಾಸ್ತಿ ಓಡಬೇಕು. ಎಷ್ಟು ಉದ್ದವಾದರೇನು, ಅದರ ಮೇಲೆ ಒಂದು ವಿಮಾನ ಕೆಟ್ಟು ನಿಂತರೆ ಉಳಿದವರೆಲ್ಲ ಕಾಯಬೇಕು.

ಒಂದು ಶುಕ್ರವಾರ ನನಗೆ ಇದರ ಪಾಠ ಆಯಿತು. ಸಂಜೆ ಆರೂವರೆಯ ವಿಮಾನ. ಮೂರೂವರೆಗೇ ಮನೆ ಬಿಟ್ಟೆ. ಮೊಂಬಾಸಾ ರೋಡಿನಲ್ಲಿ ಟ್ಯಾಕ್ಸಿ ಒಂದೂವರೆ ಗಂಟೆ ತೆವಳಿತು. ಒಳಗೆ ಹೋದರೆ ವಿಮಾನ ಮೂರು ಗಂಟೆ ತಡ ಎಂದರು. ಕಾರಣ ಹೇಳಲಿಲ್ಲ, ಒಂದು ಸಮೋಸ ಕೊಟ್ಟರು. ಮೊಂಬಾಸಾದ ಹೋಟೆಲಿಗೆ ನಾನು ಕಾಲಿಟ್ಟಾಗ ರಾತ್ರಿ ಹನ್ನೊಂದೂವರೆ. ಮಧ್ಯಾಹ್ನ ಮೂರರ ರೈಲಿನಲ್ಲಿ ಹೊರಟಿದ್ದ ನನ್ನ ಸಹೋದ್ಯೋಗಿ ಅಷ್ಟು ಹೊತ್ತಿಗೆ ಊಟ ಮಾಡಿ ಮಲಗಿದ್ದ.

ಹಾಗಂತ ಯಾವಾಗಲೂ ಹೀಗೇ ಆಗುವುದಿಲ್ಲ. ಸರಿಯಾಗಿ ನಡೆದ ದಿನದ ಲೆಕ್ಕ ಹೇಳುತ್ತೇನೆ. ವೆಸ್ಟ್‌ಲ್ಯಾಂಡ್ಸ್ ಕಡೆಯ ಮನೆಯಿಂದ ನಿಲ್ದಾಣಕ್ಕೆ ಮುಕ್ಕಾಲು ಗಂಟೆ. 2022ರಲ್ಲಿ ಮೇಲುರಸ್ತೆ ಬಂದ ಮೇಲೆ ಟೋಲ್ ಕೊಟ್ಟರೆ ಇನ್ನೂ ಬೇಗ. ನಿಲ್ದಾಣದ ಹೊರಗೇ ಒಂದು ತಪಾಸಣೆ ಇದೆ. ಅಲ್ಲಿ ಡ್ರೈವರ್ ಬಿಟ್ಟು ಎಲ್ಲರೂ ಕಾರಿಂದ ಇಳಿದು, ನಡೆದು, ಆಚೆ ಹೋಗಿ ಮತ್ತೆ ಅದೇ ಕಾರು ಹತ್ತಬೇಕು. ಮೊದಲ ಸಲ ಬಂದವರು ಗಾಬರಿ ಆಗುತ್ತಾರೆ, ಆಗಬೇಡಿ. ಒಳಗೆ ಒಂದೂಕಾಲು ಗಂಟೆ, ವಿಮಾನ ಒಂದು ಗಂಟೆ, ಪೆಟ್ಟಿಗೆ ಬರಲು ಇಪ್ಪತ್ತು ನಿಮಿಷ, ಅಲ್ಲಿಂದ ಊರೊಳಕ್ಕೆ ಮುಕ್ಕಾಲು ಗಂಟೆ. ಒಟ್ಟು ನಾಲ್ಕರಿಂದ ನಾಲ್ಕೂವರೆ. ಭಾವನ ಒಂದು ಗಂಟೆ ಇಷ್ಟಾಗುತ್ತದೆ.

ಇನ್ನೊಂದು ಎಡವಟ್ಟು ಮಾಡಿಕೊಳ್ಳಬೇಡಿ. ನೈರೋಬಿಯಲ್ಲಿ ವಿಮಾನ ನಿಲ್ದಾಣ ಎರಡಿವೆ. ವಿಲ್ಸನ್ ಎಂಬ ಹಳೆಯದು ಊರಿಗೆ ಅಂಟಿಕೊಂಡೇ ಇದೆ. ಸಫಾರಿಗೆ ಹೋಗುವ ಸಣ್ಣ ವಿಮಾನಗಳು ಹೆಚ್ಚಾಗಿ ಅಲ್ಲಿಂದ. ಕರಾವಳಿಗೆ ಹೋಗುವ ಕೆಲವೂ ಅಲ್ಲಿಂದಲೇ ಹೊರಡುತ್ತವೆ. ಟಿಕೆಟ್ಟಿನಲ್ಲಿ ‘ನೈರೋಬಿ’ ಎಂದಷ್ಟೇ ಓದಿ ಜೋಮೋ ಕೆನ್ಯಾಟಾಕ್ಕೆ ಹೋದವರನ್ನು ನಾನು ಕಂಡಿದ್ದೇನೆ. ಸಂಚಾರದ ಹೊತ್ತಿನಲ್ಲಿ ಒಂದರಿಂದ ಇನ್ನೊಂದಕ್ಕೆ ಓಡಿ ವಿಮಾನ ಹಿಡಿಯುವುದು ಆಗದ ಮಾತು.

ರೈಲು: ಅವರ ಬಾಯಲ್ಲೂ ಅದು ಹೊಗೆಗಾಡಿ

ಸ್ವಾಹಿಲಿಯಲ್ಲಿ ರೈಲಿಗೆ ‘ಗಾರಿ ಮೋಶಿ’ ಅನ್ನುತ್ತಾರೆ. ಮೋಶಿ ಅಂದರೆ ಹೊಗೆ. ಗಾರಿ ಅಂದರೆ ನಮ್ಮ ಗಾಡಿಯೇ, ಭಾರತದಿಂದ ಬಂದ ಮಾತು. ನಮ್ಮ ಅಜ್ಜಿಯಂದಿರು ಹೊಗೆಬಂಡಿ ಅನ್ನುತ್ತಿದ್ದರಲ್ಲ, ಅದೇ. ಮಾತು ಬಂದ ದಾರಿಯಲ್ಲೇ ಜನವೂ ಬಂದರು. 1896ರಿಂದ 1901ರವರೆಗೆ ಬ್ರಿಟಿಷರು ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ಹಳಿ ಹಾಕಿಸಿದಾಗ ಭಾರತದಿಂದ ಸುಮಾರು 32,000 ಕೂಲಿಗಳನ್ನು ಕರೆತಂದರು. ಹೆಚ್ಚಿನವರು ಪಂಜಾಬಿನ ಕಡೆಯವರು. ಸುಮಾರು 2,500 ಮಂದಿ ಇಲ್ಲೇ ಸತ್ತರು. 1898ರಲ್ಲಿ ತ್ಸಾವೊ ನದಿಗೆ ಸೇತುವೆ ಕಟ್ಟುವಾಗ ಕೇಸರವಿಲ್ಲದ ಎರಡು ಗಂಡು ಸಿಂಹಗಳು ತಿಂಗಳುಗಟ್ಟಲೆ ಡೇರೆಗೆ ನುಗ್ಗಿ ಕೂಲಿಗಳನ್ನು ಎಳೆದೊಯ್ದವು. ಆ ಸಿಂಹಗಳು ಈಗ ಚಿಕಾಗೋದ ಫೀಲ್ಡ್ ಮ್ಯೂಸಿಯಮ್ಮಿನಲ್ಲಿ ಹುಲ್ಲು ತುಂಬಿಸಿಕೊಂಡು ನಿಂತಿವೆ. ನೈರೋಬಿ ಎಂಬ ಊರು ಹುಟ್ಟಿದ್ದೇ ಆ ರೈಲಿನಿಂದ. 1899ರಲ್ಲಿ ಹಳಿ ಇಲ್ಲಿಗೆ ತಲುಪಿ ಗುಡಾರ ಹೂಡಿದ್ದೇ ಊರಾಯಿತು.

ಹಳೆಯ ರೈಲು ಸಂಜೆ ಹೊರಟು ಮರುದಿನ ಯಾವಾಗಲೋ ಮುಟ್ಟುತ್ತಿತ್ತು. ಈಗಿನದು ಬೇರೆ. ಚೀನಾದ ಸಾಲ, ಚೀನಾದ ಕಂಪನಿಯೇ ಹಾಕಿದ ಹೊಸ ಹಳಿ. 2017ರ ಮೇ 31ರಂದು ಉದ್ಘಾಟನೆ ಆಯಿತು. ಹೆಸರು ಮದರಾಕಾ ಎಕ್ಸ್‌ಪ್ರೆಸ್. 1963ರ ಜೂನ್ 1ಕ್ಕೆ ಕೆನ್ಯಾದ ಆಡಳಿತ ಕೆನ್ಯಾದವರ ಕೈಗೆ ಬಂತು, ಆ ದಿನಕ್ಕೆ ಮದರಾಕಾ ದಿನ ಅನ್ನುತ್ತಾರೆ. ಅದರಿಂದ ಈ ಹೆಸರು.

ದಿನಕ್ಕೆ ಮೂರು ರೈಲು. ಬೆಳಗ್ಗೆ 8ಕ್ಕೆ ಹೊರಡುವುದು ನಡುವೆ ಏಳು ಕಡೆ ನಿಲ್ಲುತ್ತದೆ, ಸುಮಾರು ಆರು ಗಂಟೆ ಬೇಕು. ಮಧ್ಯಾಹ್ನ 3ರದು ಮತ್ತು ರಾತ್ರಿ 10ರದು ಐದು ಗಂಟೆಯ ಎಕ್ಸ್‌ಪ್ರೆಸ್. ಹೇಳಿದ ಸಮಯಕ್ಕೆ ಹೊರಡುತ್ತವೆ. ಒಂದೆರಡು ನಿಮಿಷ ತಡವಾಗಿ ಓಡಿ ಬಂದರೂ ಗೇಟು ತೆಗೆಯುವುದಿಲ್ಲ.

ಇವುಗಳಲ್ಲಿ ನನ್ನ ಮೆಚ್ಚಿನದು ಬೆಳಗಿನದು. ಒಂದು ಗಂಟೆ ಜಾಸ್ತಿ ಹಿಡಿಯುತ್ತದೆ ನಿಜ. ಆದರೆ ತ್ಸಾವೊ ಕಾಡು ಬರುವಾಗ ಪೂರ್ತಿ ಬೆಳಕಿರುತ್ತದೆ. ಹಳಿ ಎತ್ತರದ ದಿಬ್ಬದ ಮೇಲೆ ಓಡುವುದರಿಂದ ಎರಡೂ ಕಡೆ ದೂರದವರೆಗೆ ಕಾಣುತ್ತದೆ. ಇಲ್ಲಿನ ಆನೆಗಳು ಕೆಂಪು. ಕೆಮ್ಮಣ್ಣು ಮೈಗೆರಚಿಕೊಂಡು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತವೆ. ಅವು ದಾಟಲೆಂದೇ ಹಳಿಯ ಕೆಳಗೆ ದೊಡ್ಡ ದೊಡ್ಡ ದಾರಿ ಬಿಟ್ಟಿದ್ದಾರೆ. ಅಕ್ಕ ಒಂದೇ ಪಯಣದಲ್ಲಿ ಹನ್ನೊಂದು ಆನೆ ಎಣಿಸಿದಳು. ಭಾವ ನಿದ್ದೆ ಹೊಡೆದರು. ಮೊಂಬಾಸಾಕ್ಕೆ ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ. ಎಮಾಲಿಯ ಆಸುಪಾಸಿನಲ್ಲಿ ಮೋಡ ಇಲ್ಲದಿದ್ದರೆ ಕಿಲಿಮಂಜಾರೋ ಕಾಣುತ್ತದೆ. ವಿಮಾನದಲ್ಲೂ ಬಲಗಡೆಯೇ.

ಇನ್ನು ಬೇಸರದ ಮಾತು. ರೈಲಿನ ಎರಡೂ ನಿಲ್ದಾಣಗಳು ಊರ ಹೊರಗಿವೆ. ನೈರೋಬಿಯಲ್ಲಿ ಸ್ಯೋಕಿಮಾವು, ಮೊಂಬಾಸಾದಲ್ಲಿ ಮಿರಿಟಿನಿ. ಸ್ಯೋಕಿಮಾವುಗೆ ಊರ ನಡುವಿನ ಹಳೆಯ ಸ್ಟೇಷನ್ನಿನಿಂದ ಜೋಡಣೆಯ ಲೋಕಲ್ ರೈಲಿದೆ, ಅಗ್ಗ. ಆದರೆ ಲಗೇಜು ಜಾಸ್ತಿ ಇದ್ದರೆ ಬೇಡ. ರೈಲು ಹೊರಡುವ ಒಂದು ಗಂಟೆ ಮುಂಚೆ ಅಲ್ಲಿರಬೇಕು. ತಪಾಸಣೆ ವಿಮಾನಕ್ಕಿಂತ ಬಿಗಿ. ಎಲ್ಲರ ಚೀಲವನ್ನೂ ಸಾಲಾಗಿ ನೆಲದ ಮೇಲೆ ಇಡಿಸಿ, ನಮ್ಮನ್ನು ದೂರ ನಿಲ್ಲಿಸಿ, ನಾಯಿ ಬಿಟ್ಟು ಮೂಸಿಸುತ್ತಾರೆ. ಆಮೇಲೆ ಸ್ಕ್ಯಾನರ್. ಮಾವಿನಕಾಯಿ ಹೆಚ್ಚಲೆಂದು ಅಕ್ಕ ಇಟ್ಟುಕೊಂಡಿದ್ದ ಚಾಕು ಅಲ್ಲೇ ಉಳಿಯಿತು.

ಮಲಗುವ ಬರ್ತ್ ಯಾವ ರೈಲಿನಲ್ಲೂ ಇಲ್ಲ. ನಮ್ಮವರಿಗೆ ಇದನ್ನು ಎರಡು ಸಲ ಹೇಳಬೇಕು. ‘ರಾತ್ರಿ ರೈಲಿನಲ್ಲಿ ಮಲಗಿ ಹೋಗೋಣ’ ಎಂದು ಬರುತ್ತಾರೆ. ಬರೀ ಸೀಟು. ಎಕಾನಮಿಯಲ್ಲಿ ಈ ಕಡೆ ಮೂರು, ಆ ಕಡೆ ಎರಡು, ಎದುರುಬದುರು. ಎದುರಿನವರ ಮೊಣಕಾಲು ನಿಮ್ಮ ಮೊಣಕಾಲಿಗೆ ತಾಗುತ್ತದೆ, ಅರ್ಧ ಜನ ಹಿಮ್ಮುಖವಾಗಿ ಹೋಗುತ್ತಾರೆ. ಫಸ್ಟ್ ಕ್ಲಾಸಿನಲ್ಲಿ ಎರಡು-ಎರಡು, ಜಾಗ ಧಾರಾಳ. ರಾತ್ರಿ ಹತ್ತರ ರೈಲು ಬೆಳಗಿನ ಜಾವ ಮೂರರ ಮೇಲೆ ನಿಮ್ಮನ್ನು ಮಿರಿಟಿನಿಯಲ್ಲಿ ಇಳಿಸುತ್ತದೆ. ಹೋಟೆಲಿನ ಕೋಣೆ ಸಿಗುವುದು ಮಧ್ಯಾಹ್ನ. ಆ ಹೊತ್ತಿನಲ್ಲಿ ಟ್ಯಾಕ್ಸಿಯವನು ಹೇಳಿದ್ದೇ ದರ. ನನ್ನ ಮಟ್ಟಿಗೆ ಈ ನಾಲ್ಕು ಬಗೆಯ ಪ್ರಯಾಣದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಈ ರಾತ್ರಿ ರೈಲು.

ಮಧ್ಯಾಹ್ನದ ರೈಲಿನ ಬಾಗಿಲಿಂದ ಬಾಗಿಲಿಗೆ ಲೆಕ್ಕ ಸುಮಾರು ಎಂಟು ಗಂಟೆ. ಅದರಲ್ಲಿ ಐದು ಗಂಟೆ ಒಂದೇ ಕಡೆ ಕೂತು ಓದಬಹುದು, ಹರಟಬಹುದು, ಎದ್ದು ಕ್ಯಾಂಟೀನಿಗೆ ನಡೆಯಬಹುದು. ವಿಮಾನದ ನಾಲ್ಕೂವರೆ ಗಂಟೆ ಹಾಗಲ್ಲ. ಹತ್ತು, ಇಳಿ, ನಿಲ್ಲು, ಬೆಲ್ಟು ಬಿಚ್ಚು, ಕಾಯಿ.

ಬಸ್ಸು ಮತ್ತು ಕಾರು

ಬಸ್ಸಿನ ದೊಡ್ಡ ಗುಣ ಒಂದೇ. ಊರ ನಡುವೆ ಹತ್ತಿಸಿಕೊಂಡು ಊರ ನಡುವೆಯೇ ಇಳಿಸುತ್ತದೆ. ನೈರೋಬಿಯ ಪೇಟೆಯಲ್ಲಿ ಹತ್ತಿ ಮೊಂಬಾಸಾ ದ್ವೀಪದ ಮ್ವೆಂಬೆ ತಾಯಾರಿಯಲ್ಲಿ ಇಳಿದರೆ, ಅಲ್ಲಿಂದ ಟುಕ್‌ಟುಕ್ ಹಿಡಿದು ಹೋಟೆಲಿಗೆ ಹೋಗಬಹುದು. ಟುಕ್‌ಟುಕ್ ಅಂದರೆ ಬೇರೇನಲ್ಲ, ನಮ್ಮ ಆಟೋನೇ. ಬಸ್ಸಿಗೆ ಎಂಟರಿಂದ ಹತ್ತು ಗಂಟೆ. ಹಾಗಾಗಿ ಪೇಟೆಯಲ್ಲೇ ಇರುವವರಿಗೆ ರೈಲಿಗೂ ಬಸ್ಸಿಗೂ ನಿಜವಾದ ಅಂತರ ಒಂದೆರಡು ಗಂಟೆ ಮಾತ್ರ. ರೈಲಿನ ಟಿಕೆಟ್ ಸಿಗದ ದಿನ ಊರವರು ಕಣ್ಣುಮುಚ್ಚಿ ಬಸ್ಸು ಹತ್ತುವುದು ಇದಕ್ಕೇ.

ನಾನು ಹಗಲು ಬಸ್ಸಿಗೆ ಹೂಂ, ರಾತ್ರಿ ಬಸ್ಸಿಗೆ ಉಹೂಂ ಅನ್ನುವವನು. ಮೊಂಬಾಸಾ ಬಂದರಿಗೆ ಬಂದ ಸರಕು ಉಗಾಂಡ, ರುವಾಂಡ, ದಕ್ಷಿಣ ಸೂಡಾನಿಗೆ ಹೋಗುವುದು ಇದೇ ರಸ್ತೆಯಲ್ಲಿ. ಕಂಟೇನರ್ ಲಾರಿಗಳ ಸಾಲು ಮುಗಿಯುವುದೇ ಇಲ್ಲ. ಹೆಚ್ಚಿನ ಕಡೆ ಹೋಗಲು ಒಂದು ಸಾಲು, ಬರಲು ಒಂದು ಸಾಲು. ಕತ್ತಲಲ್ಲಿ ಒಂದನ್ನು ದಾಟಿಸಿ ಇನ್ನೊಂದರ ಮುಂದೆ ನುಗ್ಗುವಾಗ ಮೊದಲ ಸೀಟಿನಲ್ಲಿ ಕೂತವರಿಗೆ ದೇವರ ನೆನಪು ತಾನಾಗಿ ಬರುತ್ತದೆ.

ಕಾರಿನ ಮಾತೇ ಬೇರೆ. ಕೆನ್ಯಾದಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು. ಬೆಳಗ್ಗೆ ಆರಕ್ಕೆ ಬಿಟ್ಟರೆ ಎಂಟು ಗಂಟೆ ಇಟ್ಟುಕೊಳ್ಳಿ. ಎರಡು ಕಡೆ ನಿಲ್ಲಲೇಬೇಕು. ಒಂದು ಮಕಿಂಡುವಿನ ಗುರುದ್ವಾರ. ಹಳಿ ಹಾಕಲು ಬಂದ ಸಿಖ್ಖರ ಕಾಲದ ಜಾಗ, ಈಗಿನ ಗುರುದ್ವಾರ 1926ರದು. ನೈರೋಬಿಯಿಂದ ಎರಡೂವರೆ ಮೂರು ಗಂಟೆ. ಯಾರು ಬಂದರೂ ಬಿಸಿ ಚಪಾತಿ, ದಾಲ್, ಚಹಾ. ದುಡ್ಡು ಕೇಳುವುದಿಲ್ಲ. ಲಾರಿ ಡ್ರೈವರು, ಬಸ್ಸಿನವರು, ಬಿಳಿಯ ಪ್ರವಾಸಿಗರು ಎಲ್ಲರೂ ತಲೆಗೆ ಬಟ್ಟೆ ಕಟ್ಟಿಕೊಂಡು ಪಂಕ್ತಿಯಲ್ಲಿ ಕೂತಿರುತ್ತಾರೆ. ಸಸ್ಯಾಹಾರಿಗಳಿಗಂತೂ ಇಡೀ ದಾರಿಯಲ್ಲಿ ಇದಕ್ಕಿಂತ ಒಳ್ಳೆಯ ಊಟ ಸಿಗುವುದಿಲ್ಲ.

ಇನ್ನೊಂದು ಮೊಂಬಾಸಾ ಹತ್ತಿರವಾದ ಮೇಲೆ ಸಿಗುವ ಮ್ಯಾಕಿನ್ನನ್ ರೋಡ್. ಹಳಿಯ ಪಕ್ಕದಲ್ಲೇ ಒಂದು ಮಸೀದಿ, ಅದರಲ್ಲಿ ಸೈಯದ್ ಬಾಗಲಿ ಶಾ ಅವರ ಗೋರಿ. ಅವರೂ ರೈಲು ಕೆಲಸಕ್ಕೆ ಬಂದ ಪಂಜಾಬಿನವರು. ಅವರು ಕಲ್ಲುಮಣ್ಣು ಹೊರುವಾಗ ಬಾಂಡ್ಲಿ ತಲೆಗೆ ತಾಗದೆ ಒಂದು ಗೇಣು ಮೇಲೆ ತೇಲುತ್ತಿತ್ತು ಎಂದು ಜನ ನಂಬುತ್ತಾರೆ. ಎಷ್ಟೋ ಡ್ರೈವರುಗಳು ಇಲ್ಲಿ ನಿಲ್ಲಿಸಿ ಕೈಮುಗಿಯದೆ ಮುಂದೆ ಹೋಗುವುದಿಲ್ಲ. ಸೆಕೆಂಡುಗಳಲ್ಲಿ ಇದನ್ನು ದಾಟಿಬಿಡುವ ರೈಲಿನ ಮೇಲೆ ನನಗಿರುವ ಇನ್ನೊಂದು ದೂರು ಇದು.

ಸಮುದ್ರ ಸರಿ, ಯಾವ ದಡ?

ಮೊಂಬಾಸಾ ಒಂದು ದ್ವೀಪ ಎಂಬುದನ್ನು ಬರುವವರು ಮರೆಯುತ್ತಾರೆ. ಹಳೆಯ ಊರು, ಫೋರ್ಟ್ ಜೀಸಸ್ ಕೋಟೆ ದ್ವೀಪದ ಮೇಲೆ. ವಿಮಾನ ನಿಲ್ದಾಣ, ರೈಲು ನಿಲ್ದಾಣ ಎರಡೂ ಪಶ್ಚಿಮದ ನೆಲದ ಮೇಲೆ. ಬೀಚ್ ಹೋಟೆಲುಗಳು ಒಂದಷ್ಟು ಉತ್ತರಕ್ಕೆ, ಒಂದಷ್ಟು ದಕ್ಷಿಣಕ್ಕೆ. ಉತ್ತರಕ್ಕೆ ನ್ಯಾಲಿ ಸೇತುವೆ ಇದೆ. ದ್ವೀಪದಿಂದ ದಕ್ಷಿಣಕ್ಕೆ ವಾಹನ ಹೋಗುವ ಸೇತುವೆ ಇಲ್ಲ, ಲಿಕೋನಿ ಫೆರ್ರಿ. ನಡೆದು ಹೋಗುವವರಿಗೆ ಬಿಟ್ಟಿ. ಕಾರುಗಳು ದುಡ್ಡು ಕೊಟ್ಟು ಸಾಲಿನಲ್ಲಿ ನಿಲ್ಲಬೇಕು.

ನಿಮ್ಮ ಹೋಟೆಲು ದಕ್ಷಿಣದ ಡಿಯಾನಿಯಲ್ಲಿದ್ದರೆ ಮೊಂಬಾಸಾಕ್ಕೆ ವಿಮಾನ ಹಿಡಿಯುವುದು ಅಷ್ಟು ಜಾಣತನವಲ್ಲ. ಡಿಯಾನಿಯ ಪಕ್ಕದಲ್ಲೇ ಉಕುಂಡ ಎಂಬ ಪುಟ್ಟ ನಿಲ್ದಾಣ ಇದೆ. ನೈರೋಬಿಯಿಂದ ನೇರ ವಿಮಾನ. ಇಳಿದು ಹತ್ತು ನಿಮಿಷಕ್ಕೆ ಸಮುದ್ರ. ಟಿಕೆಟ್ಟಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಟ್ಯಾಕ್ಸಿಯಲ್ಲಿ ಅದು ಉಳಿಯುತ್ತದೆ. ವಿಲ್ಸನ್ನಿನಿಂದ ಹೊರಡುವ ಸಣ್ಣ ವಿಮಾನವಾದರೆ ಲಗೇಜಿನ ಮಿತಿ ಬಿಗಿ ಇರುತ್ತದೆ. ಗಟ್ಟಿ ಸೂಟ್‌ಕೇಸ್ ಬಿಟ್ಟು ಬಟ್ಟೆಯ ಚೀಲ ಒಯ್ಯಿರಿ.

ಡಿಯಾನಿಗೆ ರೈಲೂ ವಾಸಿ ಎಂದರೆ ನೀವು ನಂಬುವುದಿಲ್ಲ. ಮಿರಿಟಿನಿ ಊರ ಹೊರಗಿದೆ ಎಂದು ಆಗ ಬೈದೆನಲ್ಲ, ಡಿಯಾನಿಗೆ ಹೋಗುವವರಿಗೆ ಅದೇ ಅನುಕೂಲ. ಈಗ ಆ ಕಡೆಯಿಂದ ಡೊಂಗೊ ಕುಂಡು ಬೈಪಾಸ್ ಬಂದಿದೆ. ದ್ವೀಪಕ್ಕೂ ಹೋಗದೆ, ಫೆರ್ರಿಗೂ ಕಾಯದೆ ಸೇತುವೆ ದಾಟಿ ದಕ್ಷಿಣ ದಡ ಸೇರಬಹುದು. ಒಂದು ಗಂಟೆಯ ಮೇಲೆ ಸ್ವಲ್ಪ ಆಗಬಹುದು. ಬುಕ್ ಮಾಡುವಾಗಲೇ ಟ್ಯಾಕ್ಸಿಯವರಿಗೆ ‘ಬೈಪಾಸ್ ಮೇಲೆ’ ಎಂದು ಬಾಯಿಬಿಟ್ಟು ಹೇಳಿ.

ನ್ಯಾಲಿ, ಬಂಬೂರಿ ಕಡೆಗೆ ವಿಮಾನ ಒಳ್ಳೆಯದು. ಹಳೆಯ ಊರಷ್ಟೇ ನೋಡುವುದಾದರೆ ಯಾವುದಾದರೂ ಸರಿ. ಇನ್ನೂ ಉತ್ತರಕ್ಕೆ, ಮಾಲಿಂದಿಗೆ ಹೋಗುವವರು ಅಲ್ಲಿನದೇ ನಿಲ್ದಾಣಕ್ಕೆ ನೇರ ಹಾರಿ. 1498ರಲ್ಲಿ ವಾಸ್ಕೋ ಡ ಗಾಮ ದಾರಿ ತೋರಿಸುವವನೊಬ್ಬನನ್ನು ಹತ್ತಿಸಿಕೊಂಡು ಕಲ್ಲಿಕೋಟೆಗೆ ಹೊರಟದ್ದು ಅದೇ ಮಾಲಿಂದಿಯಿಂದ. ಅವನಿಗೆ ಇಪ್ಪತ್ತಕ್ಕೂ ಹೆಚ್ಚು ದಿನ ಬೇಕಾಯಿತು. ನಾವು ಅರ್ಧ ಗಂಟೆ ತಡಕ್ಕೆ ಗೊಣಗುತ್ತೇವೆ.

ದುಡ್ಡಿನ ಮಾತು

ಕೆನ್ಯಾದ ಒಂದು ಶಿಲಿಂಗ್ ನಮ್ಮ 65-70 ಪೈಸೆಯ ಸುತ್ತ. 2024ರ ಜನವರಿಯಿಂದ ರೈಲಿನ ದರ ಎಕಾನಮಿಗೆ 1,500 ಶಿಲಿಂಗ್, ಫಸ್ಟ್ ಕ್ಲಾಸಿಗೆ 4,500. ಅಂದರೆ ಸುಮಾರು ಸಾವಿರ ರೂಪಾಯಿ ಮತ್ತು ಮೂರು ಸಾವಿರ ರೂಪಾಯಿ. 3ರಿಂದ 11 ವರ್ಷದ ಮಕ್ಕಳಿಗೆ ಅರ್ಧ. ಬಸ್ಸು ರೈಲಿನ ಎಕಾನಮಿಗೆ ಹತ್ತಿರ ಹತ್ತಿರ. ವಿಮಾನಕ್ಕೆ ಮಾತ್ರ ಒಂದೇ ದರ ಎಂದಿಲ್ಲ. ವಾರಗಳ ಮುಂಚೆ ಹುಡುಕಿದರೆ ರೈಲಿನ ಫಸ್ಟ್ ಕ್ಲಾಸಿಗಿಂತ ಸ್ವಲ್ಪವೇ ಜಾಸ್ತಿಗೆ ಸಿಕ್ಕೀತು. ಡಿಸೆಂಬರಿನ ರಜೆಯಲ್ಲಿ, ಈಸ್ಟರಿನಲ್ಲಿ ಅದೇ ಸೀಟು ಎರಡು ಮೂರು ಪಟ್ಟು. ಅಗ್ಗದ ಟಿಕೆಟ್ಟಿನಲ್ಲಿ ಕೈಚೀಲ ಮಾತ್ರ ಸೇರಿರುತ್ತದೆ. ಪೆಟ್ಟಿಗೆಗೆ ಬೇರೆ ದುಡ್ಡು.

ನನ್ನ ಲೆಕ್ಕ ಹೀಗೆ. ಒಬ್ಬರೇ ಇದ್ದು, ವಿಮಾನ ಅಗ್ಗಕ್ಕೆ ಸಿಕ್ಕರೆ ವಿಮಾನ. ನಾಲ್ಕು ಜನರ ಸಂಸಾರವಾದರೆ ರೈಲು, ಆಗ ಟ್ಯಾಕ್ಸಿಯ ಖರ್ಚೂ ನಾಲ್ಕಾಗಿ ಹಂಚಿಹೋಗುತ್ತದೆ. ಎಕಾನಮಿಯೋ ಫಸ್ಟ್ ಕ್ಲಾಸೋ ಎಂದರೆ, ಮೊಣಕಾಲು ನೋವಿನವರು ಜೊತೆಯಲ್ಲಿದ್ದರೆ ಫಸ್ಟ್ ಕ್ಲಾಸ್. ಇಲ್ಲದಿದ್ದರೆ ಎಕಾನಮಿ ಸಾಕು, ಮಾತಿಗೆ ಜನ ಸಿಗುವುದೂ ಅಲ್ಲೇ.

ರೈಲಿನ ಟಿಕೆಟ್ ಮೊಬೈಲಿನಲ್ಲೇ ಆಗುತ್ತದೆ, ದುಡ್ಡು ಹೆಚ್ಚಾಗಿ ಎಂ-ಪೆಸಾ ಎಂಬ ಇಲ್ಲಿನ ಮೊಬೈಲ್ ಹಣದಲ್ಲಿ. ಕೆನ್ಯಾದ ಸಿಮ್ ಇಲ್ಲದ ಪ್ರವಾಸಿಗೆ ಇದು ತೊಡಕು. ಇಲ್ಲಿರುವ ಯಾರಾದರೂ ಪರಿಚಯದವರಿಂದ ಮಾಡಿಸಿ. ಪಾಸ್‌ಪೋರ್ಟ್ ಸಂಖ್ಯೆ ಸರಿಯಾಗಿ ಹಾಕಿಸಿ, ಗೇಟಿನಲ್ಲಿ ಹೆಸರು ಮತ್ತು ಸಂಖ್ಯೆ ಎರಡನ್ನೂ ನೋಡುತ್ತಾರೆ.

ಬೆಂಗಳೂರಿನಿಂದ ಬಂದು ನೇರ ಸಮುದ್ರಕ್ಕೇ ಹೋಗುವವರಿಗೆ

ಕರ್ನಾಟಕದಿಂದ ಬರುವ ಹೆಚ್ಚಿನವರು ಮುಂಬೈಯಲ್ಲೋ, ದುಬೈ, ದೋಹಾ, ಆಡಿಸ್ ಅಬಾಬಾದಲ್ಲೋ ವಿಮಾನ ಬದಲಿಸಿ ಜೋಮೋ ಕೆನ್ಯಾಟಾದಲ್ಲಿ ಇಳಿಯುತ್ತಾರೆ. ಅವರ ಲೆಕ್ಕ ಬೇರೆ. ಈ ತುದಿಯ ಇಪ್ಪತ್ತು ಕಿಲೋಮೀಟರ್ ಅವರಿಗೆ ಇಲ್ಲವೇ ಇಲ್ಲ. ಹಾಗಾಗಿ ವಿಮಾನವೇ ಸರಿ. ಒಳನಾಡಿನ ಟರ್ಮಿನಲ್ ಅಲ್ಲೇ ಇದೆ. ಎರಡು ಟಿಕೆಟ್ ಬೇರೆ ಬೇರೆಯಾಗಿ ಕೊಂಡಿದ್ದರೆ ನಡುವೆ ಮೂರು ಗಂಟೆ ಬಿಡಿ. ಮೊದಲನೆಯದು ತಡವಾದರೆ ಎರಡನೆಯವರು ನಿಮಗಾಗಿ ಕಾಯುವುದಿಲ್ಲ.

ಬೆಳಗ್ಗೆ ಇಳಿಯುವವರಿಗೆ ಮಧ್ಯಾಹ್ನ ಮೂರರ ರೈಲೂ ಆಗುತ್ತದೆ. ಸ್ಯೋಕಿಮಾವು ವಿಮಾನ ನಿಲ್ದಾಣಕ್ಕೆ ಹತ್ತಿರ, ಊರೊಳಗೆ ಹೋಗಬೇಕಾಗಿಲ್ಲ. ಆದರೆ ರಾತ್ರಿಯೆಲ್ಲ ನಿದ್ದೆ ಇಲ್ಲದೆ ಬಂದು ಮತ್ತೆ ಐದು ಗಂಟೆ ಕೂರಬಲ್ಲಿರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಕೆನ್ಯಾ ಗಡಿಯಾರ ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ. ಇಲ್ಲಿ ಸಂಜೆ ಏಳಾದಾಗ ನಿಮ್ಮ ಮೈಗೆ ಒಂಬತ್ತೂವರೆ.

ಹೊರಡುವ ಮುಂಚಿನ ಎರಡು ಮಾತು. ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಳ್ಳಿ, ಆ ಕಾರ್ಡಿಲ್ಲದೆ ಕೆನ್ಯಾದಿಂದ ಭಾರತಕ್ಕೆ ಮರಳಿದರೆ ಕಷ್ಟ. ಹೊರಡಲು ಹತ್ತು ದಿನ ಇರುವಾಗಲೇ ಆಗಬೇಕು. ಮತ್ತೆ, ಚಕ್ಕುಲಿ, ಚಟ್ನಿಪುಡಿಯನ್ನು ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಬರಬೇಡಿ. 2017ರ ಆಗಸ್ಟಿನಿಂದ ಕೆನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ ಇದೆ, ದಂಡ ಸಣ್ಣದಲ್ಲ. ಅಮ್ಮ ಹೊಲಿದ ಬಟ್ಟೆ ಚೀಲ ಇದ್ದರೆ ಅದೇ ತನ್ನಿ.

ಅಕ್ಕ, ಭಾವ ಕೊನೆಗೆ ಏನು ಮಾಡಿದರು ಅಂತೀರಾ? ಹೋಗುವಾಗ ಬೆಳಗಿನ ರೈಲು, ಬರುವಾಗ ವಿಮಾನ. ಹೋಗುವಾಗ ಹೊತ್ತು ಇತ್ತು, ಆನೆ ಬೇಕಿತ್ತು. ಬರುವಾಗ ಮೈಯೆಲ್ಲ ಮರಳು, ಮನೆ ಸೇರಿದರೆ ಸಾಕಾಗಿತ್ತು. ಈಗ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಬರುವಾಗ ಕಿಲಿಮಂಜಾರೋ ಎಡಗಡೆ ಇರುತ್ತದೆ ಎಂದು ಭಾವನಿಗೆ ಹೇಳಿ ಕಳಿಸಿದ್ದೆ. ಅವರು ಬಲಗಡೆ ಕೂತು ಬಂದರು.